ಛಾಯಾಚಿತ್ರದ ಕಡತದೊಳಗೆ ಹಕ್ಕುಸ್ವಾಮ್ಯದ ವಿವರ ಬರೆಯುವುದು ಹೇಗೆ?

ಡಿಜಿಟಲ್ ಛಾಯಾಚಿತ್ರವೊಂದು ತೆಗೆದವರ ಕೈಬಿಟ್ಟು ಹೊರಟ ಮೇಲೆ ಅದರ ಕಡತದ ಹೆಸರು ಬದಲಾಗುತ್ತದೆ, ಜೊತೆಯಲ್ಲಿ ಕಳುಹಿಸಿದ್ದ ಪತ್ರ ಎಲ್ಲೋ ಉಳಿದುಹೋಗುತ್ತದೆ, ನಾಲ್ಕಾರು ಕೈ ದಾಟಿದ ಬಳಿಕ ಅದು ಯಾರದೆಂದು ಹೇಳಬಲ್ಲವರೇ ಇರುವುದಿಲ್ಲ. ಕಡತದೊಳಗೇ ಬರೆದ ಮೆಟಾಡೇಟಾ, ಅಂದರೆ ಚಿತ್ರದ ಕುರಿತ ವಿವರ, ಮಾತ್ರ ಚಿತ್ರದೊಡನೆ ಅಷ್ಟು ದೂರ ಸಾಗಬಲ್ಲದು. ಹಕ್ಕುಸ್ವಾಮ್ಯವೇನೋ ಚಿತ್ರ ತೆಗೆದ ಕ್ಷಣದಲ್ಲೇ ಹುಟ್ಟುತ್ತದೆ. ಹಕ್ಕುಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಮೆಟಾಡೇಟಾ ಆ ಹಕ್ಕನ್ನು ಕೊಡುವುದಿಲ್ಲ, ಅದು ಯಾರಲ್ಲಿದೆ ಎಂಬುದನ್ನು ತಿಳಿಸುತ್ತದೆ. ಇಂಥ ವಿವರವನ್ನು ಬೇಕೆಂದೇ ಅಳಿಸುವುದರ ವಿರುದ್ಧ ಕಾನೂನು ಇರಬೇಕೆಂದು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ (ವೈಪೊ) 1996ರ ಹಕ್ಕುಸ್ವಾಮ್ಯ ಒಪ್ಪಂದದ 12ನೆಯ ವಿಧಿ ಹೇಳುತ್ತದೆ. ಆ ರಕ್ಷಣೆ ಸಿಗಬೇಕಾದರೆ ಅಳಿಸಲು ಏನಾದರೂ ಬರೆದಿರಬೇಕಲ್ಲವೇ?

ಮೊದಲು ತಿಳಿಯಬೇಕಾದದ್ದು, ಒಂದೇ ಕಡತದಲ್ಲಿ ಈ ವಿವರಕ್ಕೆ ಮೂರು ನೆಲೆಗಳಿರುತ್ತವೆ ಎಂಬುದು. ಕ್ಯಾಮೆರಾ ತಾನೇ ತುಂಬುವ ಎಕ್ಸಿಫ್ ಮೊದಲನೆಯದು. ಶಟರ್ ವೇಗ, ದಿನಾಂಕಗಳ ಜೊತೆಗೆ ಅದರಲ್ಲಿ ಕಲಾವಿದ ಮತ್ತು ಹಕ್ಕುಸ್ವಾಮ್ಯ ಎಂಬ ಎರಡು ಖಾನೆಗಳಿವೆ. ಸುದ್ದಿಸಂಸ್ಥೆಗಳ ಬಳಕೆಗಾಗಿ ರೂಪುಗೊಂಡ ಐಪಿಟಿಸಿ ಎರಡನೆಯದು. 2001ರಲ್ಲಿ ತಂತ್ರಾಂಶ ಕಂಪನಿ ಅಡೋಬಿ ಪರಿಚಯಿಸಿದ ಎಕ್ಸ್‌ಎಂಪಿ ಮೂರನೆಯದು. ಐಪಿಟಿಸಿಯ ಇಂದಿನ ಖಾನೆಗಳೆಲ್ಲ ಇದರೊಳಗೂ ನೆಲೆಸಿವೆ. ಒಂದು ತಂತ್ರಾಂಶ ಒಂದು ಕಡೆ ನೋಡಿದರೆ ಇನ್ನೊಂದು ಮತ್ತೊಂದು ಕಡೆ ನೋಡುತ್ತದೆ. ಆದ್ದರಿಂದ ಮೂರರಲ್ಲೂ ಒಂದೇ ಮಾತು ಇರುವಂತೆ ನೋಡಿಕೊಳ್ಳುವುದು ಲೇಸು. ಎಕ್ಸಿಫ್‌ನಲ್ಲಿ ಹಳೆಯ ಹೆಸರು, ಎಕ್ಸ್‌ಎಂಪಿಯಲ್ಲಿ ಹೊಸ ಹೆಸರು ಇರುವ ಕಡತವನ್ನು ಓದಿದವರು ಎರಡನ್ನೂ ನಂಬಲಾರರು.

ಇನ್ನು ಯಾವ ಖಾನೆಯಲ್ಲಿ ಏನು ಬರೆಯಬೇಕೆಂಬ ವಿಷಯ. ಗೊಂದಲ ಹೆಚ್ಚಾಗುವುದು ಇಲ್ಲಿಯೇ. ಸೃಷ್ಟಿಕರ್ತ ಎಂಬ ಖಾನೆಯಲ್ಲಿ ಚಿತ್ರ ತೆಗೆದ ವ್ಯಕ್ತಿಯ ಹೆಸರು ಮಾತ್ರ ಇರಬೇಕು. ಹಕ್ಕುಸ್ವಾಮ್ಯ ಸೂಚನೆಯಲ್ಲಿ ಹಕ್ಕು ಉಳ್ಳವರ ಹೆಸರು ಬರುತ್ತದೆ. ಸಂಸ್ಥೆಯೊಂದರ ನೌಕರರಾಗಿ ಚಿತ್ರ ತೆಗೆದಿದ್ದರೆ ಇವೆರಡೂ ಬೇರೆಯಾಗಿರಬಹುದು. ಈ ಸೂಚನೆಯ ವಾಡಿಕೆಯ ರೂಪ ಸರಳವಾದದ್ದು: ವೃತ್ತದೊಳಗಿನ ಸಿ ಚಿಹ್ನೆ, ವರ್ಷ, ಹೆಸರು, ಕೊನೆಯಲ್ಲಿ "ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ" ಎಂಬ ವಾಕ್ಯ. ಪ್ರಕಟಿಸುವಾಗ ಚಿತ್ರದ ಕೆಳಗೆ ಯಾವ ಹೆಸರು ಕಾಣಬೇಕೆಂಬುದನ್ನು ಕ್ರೆಡಿಟ್ ಸಾಲಿನಲ್ಲಿ ಬರೆಯಬೇಕು. ಬಳಕೆಯ ಷರತ್ತುಗಳ ಖಾನೆಯಲ್ಲಿ "ಲಿಖಿತ ಅನುಮತಿಯಿಲ್ಲದೆ ಬಳಸುವಂತಿಲ್ಲ" ಎಂದೋ, ಷರತ್ತುಗಳೊಡನೆ ಎಲ್ಲರಿಗೂ ಬಳಕೆಯ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಹೆಸರನ್ನೋ ಬರೆಯಬಹುದು. ಹಕ್ಕುಸ್ವಾಮ್ಯದ ಸ್ಥಿತಿಯನ್ನು ಹಲವು ತಂತ್ರಾಂಶಗಳು "ಗೊತ್ತಿಲ್ಲ" ಎಂದೇ ಬಿಟ್ಟಿರುತ್ತವೆ. ಅದನ್ನು "ಹಕ್ಕುಸ್ವಾಮ್ಯಕ್ಕೆ ಒಳಪಟ್ಟಿದೆ" ಎಂದು ಬದಲಾಯಿಸಲು ಮರೆಯಬಾರದು. ಹಕ್ಕುಗಳ ವಿವರವಿರುವ ಜಾಲಪುಟದ ವಿಳಾಸಕ್ಕೆ ಮತ್ತೊಂದು ಖಾನೆಯಿದೆ, ಇದನ್ನು ಬಹಳ ಜನ ಖಾಲಿ ಬಿಡುತ್ತಾರೆ. 2020ರಿಂದ ಗೂಗಲ್ ತನ್ನ ಚಿತ್ರ ಹುಡುಕಾಟದಲ್ಲಿ ಕೆಲವು ಚಿತ್ರಗಳ ಮೇಲೆ ಪರವಾನಗಿ ಪಡೆಯಬಹುದೆಂಬ ಗುರುತು ತೋರಿಸುತ್ತಿದ್ದು, ಅದಕ್ಕೆ ಆಧಾರವಾಗುವ ಖಾನೆಗಳಲ್ಲಿ ಇದೂ ಒಂದು. ನನ್ನ ಮಟ್ಟಿಗೆ, ಹೆಸರು ಮತ್ತು ಸೂಚನೆಯ ನಂತರ ತುಂಬಬೇಕಾದ ಖಾನೆ ಇದೇ.

ಸಂಪರ್ಕದ ಖಾನೆಗಳಲ್ಲಿ ಮನೆಯ ವಿಳಾಸವನ್ನಾಗಲಿ ಸ್ವಂತದ ದೂರವಾಣಿ ಸಂಖ್ಯೆಯನ್ನಾಗಲಿ ಬರೆಯಬೇಡಿ. ಕೆಲಸಕ್ಕೆಂದೇ ಇಟ್ಟುಕೊಂಡ ಇಮೇಲ್ ಸಾಕು.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಎಚ್ಚರ ವಹಿಸಬೇಕು. ಎಕ್ಸಿಫ್‌ನ ಕಲಾವಿದ ಮತ್ತು ಹಕ್ಕುಸ್ವಾಮ್ಯ ಖಾನೆಗಳು ಬಹುಕಾಲ ಆಸ್ಕಿ ಅಕ್ಷರಗಳಿಗೆ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳಿಗೆ, ಸೀಮಿತವಾಗಿದ್ದವು. 2023ರಲ್ಲಿ ಬಂದ 3.0 ಆವೃತ್ತಿಯಲ್ಲಷ್ಟೇ, ಎಲ್ಲ ಭಾಷೆಗಳ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ಪದ್ಧತಿಗೆ ಅವಕಾಶವಾಯಿತು. ಹಳೆಯ ಐಪಿಟಿಸಿ ರೂಪದಲ್ಲಿ ಛಾಯಾಗ್ರಾಹಕರ ಹೆಸರಿಗೆ 32 ಬೈಟ್, ಹಕ್ಕುಸ್ವಾಮ್ಯ ಸೂಚನೆಗೆ 128 ಬೈಟ್ ಮಿತಿಯಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. "ಶ್ರೀ" ಎಂಬ ಒಂದೇ ಅಕ್ಷರ ನಾಲ್ಕು ಸಂಕೇತಗಳಿಂದ ಕೂಡಿದ್ದು 12 ಬೈಟ್ ನುಂಗುತ್ತದೆ. ಆದ್ದರಿಂದ ಹೆಸರು ನಡುವೆಯೇ ತುಂಡಾಗುವ ಸಂಭವವಿದೆ. ಯುನಿಕೋಡ್ ಮೇಲೆ ನಿಂತಿರುವ ಎಕ್ಸ್‌ಎಂಪಿಗೆ ಈ ತೊಡಕಿಲ್ಲ. ಹೆಸರು ಮತ್ತು ಸೂಚನೆಯನ್ನು ಮೂರು ನೆಲೆಗಳಲ್ಲೂ ರೋಮನ್ ಲಿಪಿಯಲ್ಲಿ ಒಂದೇ ರೀತಿ ಬರೆದು, ಎಕ್ಸ್‌ಎಂಪಿಯಲ್ಲಿರುವ ವಿವರಣೆ ಮತ್ತು ಬಳಕೆಯ ಷರತ್ತುಗಳನ್ನು ಕನ್ನಡದಲ್ಲಿ ಬರೆಯುವುದೇ ಸದ್ಯಕ್ಕೆ ಸುರಕ್ಷಿತವೆಂದು ನನ್ನ ಅಭಿಪ್ರಾಯ.

ಕೆಲಸವನ್ನು ಕ್ಯಾಮೆರಾದಿಂದಲೇ ಆರಂಭಿಸಬಹುದು. ಕ್ಯಾನನ್, ನಿಕಾನ್, ಸೋನಿ ಕಂಪನಿಗಳ ಅನೇಕ ಮಾದರಿಗಳ ಮೆನುವಿನಲ್ಲಿ ಹಕ್ಕುಸ್ವಾಮ್ಯ ಮಾಹಿತಿ ಎಂಬ ಆಯ್ಕೆಯಿದ್ದು, ಅಲ್ಲಿ ಒಮ್ಮೆ ಹೆಸರು ತುಂಬಿದರೆ ಮುಂದೆ ತೆಗೆಯುವ ಪ್ರತಿ ಚಿತ್ರಕ್ಕೂ ಅದು ಅಂಟಿಕೊಳ್ಳುತ್ತದೆ. ನಿಕಾನ್‌ನಲ್ಲಿ ಹೆಸರು ತುಂಬಿದ ಮೇಲೆ ಅದನ್ನು ಲಗತ್ತಿಸುವ ಆಯ್ಕೆಗೂ ಗುರುತು ಹಾಕಬೇಕು. ಕ್ಯಾಮೆರಾದಲ್ಲಿ ವರ್ಷವನ್ನು ಬರೆಯದಿರುವುದೇ ಒಳಿತು. ಜನವರಿ ಬಂದಾಗ ಅದನ್ನು ತಿದ್ದಲು ನೆನಪಾಗುವುದು ಅಪರೂಪ. ಕ್ಯಾಮೆರಾವನ್ನು ಮಾರುವ ಅಥವಾ ಬೇರೆಯವರಿಗೆ ಕೊಡುವ ಮುನ್ನ ಈ ಹೆಸರನ್ನು ಅಳಿಸಿರಿ.

ಉಳಿದ ಖಾನೆಗಳನ್ನು ಕಂಪ್ಯೂಟರಿನಲ್ಲಿ ತುಂಬಬೇಕು, ಅದೂ ಚಿತ್ರಗಳನ್ನು ಮೆಮೊರಿ ಕಾರ್ಡಿನಿಂದ ಇಳಿಸಿಕೊಳ್ಳುವ ಹೊತ್ತಿನಲ್ಲೇ. ಲೈಟ್‌ರೂಮ್ ಕ್ಲಾಸಿಕ್‌ನ ಇಂಪೋರ್ಟ್ ಕಿಟಕಿಯಲ್ಲಿ ಮೆಟಾಡೇಟಾ ಪ್ರಿಸೆಟ್ (ಮೊದಲೇ ತುಂಬಿಟ್ಟ ವಿವರಗಳ ಮಾದರಿ) ಒಂದನ್ನು ರಚಿಸಿಟ್ಟರೆ ಚಿತ್ರಗಳು ಒಳಬರುವಾಗಲೇ ಅದು ಅನ್ವಯವಾಗುತ್ತದೆ. ಅಡೋಬಿ ಬ್ರಿಡ್ಜ್ ಮತ್ತು ಉಚಿತವಾಗಿ ಸಿಗುವ ಡಿಜಿಕ್ಯಾಮ್‌ನಲ್ಲಿ ಇದೇ ಕೆಲಸಕ್ಕೆ ಟೆಂಪ್ಲೇಟ್‌ಗಳಿವೆ. ಒಂದೆರಡು ಚಿತ್ರಗಳಷ್ಟೇ ಇದ್ದರೆ ವಿಂಡೋಸ್‌ನಲ್ಲಿ ಜೆಪೆಗ್ ಕಡತದ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಭಾಗದಲ್ಲಿ ಲೇಖಕ ಮತ್ತು ಹಕ್ಕುಸ್ವಾಮ್ಯದ ಸಾಲುಗಳನ್ನು ತುಂಬಬಹುದು. ಸಾವಿರಾರು ಹಳೆಯ ಕಡತಗಳಿದ್ದರೆ ಆಜ್ಞಾಸಾಲಿನಲ್ಲಿ, ಅಂದರೆ ಟೈಪ್ ಮಾಡಿದ ಆಜ್ಞೆಗಳಿಂದ, ನಡೆಯುವ ಎಕ್ಸಿಫ್‌ಟೂಲ್‌ಗೆ ಸಾಟಿಯಿಲ್ಲ. ಅದು ಪ್ರತಿ ಕಡತದ ಮೂಲಪ್ರತಿಯನ್ನು ತಾನಾಗಿಯೇ ಉಳಿಸಿಟ್ಟು ಬದಲಾವಣೆ ಮಾಡುತ್ತದೆ. ಹೀಗೆ ಬರೆಯುವುದರಿಂದ ಚಿತ್ರದ ಗುಣಮಟ್ಟ ಕುಗ್ಗುತ್ತದೆಂದು ಕೆಲವರು ಅಂಜುತ್ತಾರೆ. ಆ ಅಂಜಿಕೆ ಬೇಡ, ಏಕೆಂದರೆ ಇಲ್ಲಿ ಬದಲಾಗುವುದು ಚಿತ್ರದ ದತ್ತಾಂಶದ ಪಕ್ಕದಲ್ಲಿರುವ ಬರಹ ಮಾತ್ರ.

ಲೈಟ್‌ರೂಮ್ ಬಳಸುವವರು ಬರೆದ ವಿವರ ಮೊದಲು ಆ ತಂತ್ರಾಂಶದ ಸ್ವಂತ ದಾಖಲೆಯಾದ ಕ್ಯಾಟಲಾಗಿನಲ್ಲಿ ಮಾತ್ರ ಇರುತ್ತದೆಂಬುದನ್ನು ಗಮನಿಸಬೇಕು. ಮೆಟಾಡೇಟಾವನ್ನು ಕಡತಕ್ಕೆ ಉಳಿಸುವ ಆಜ್ಞೆ ಕೊಟ್ಟಾಗ ಅಥವಾ ತಾನಾಗಿ ಉಳಿಸುವ ಆಯ್ಕೆಗೆ ಗುರುತು ಹಾಕಿದ್ದಾಗಲೇ ಅದು ಮೂಲ ಕಡತವನ್ನು ತಲುಪುತ್ತದೆ. ರಾ ಕಡತಗಳಿಗೆ (ಕ್ಯಾಮೆರಾದ ಸಂಸ್ಕರಿಸದ ದತ್ತಾಂಶವಿರುವ ಕಡತಗಳು) ಅದು ಪಕ್ಕದಲ್ಲೇ ಪ್ರತ್ಯೇಕ ಎಕ್ಸ್‌ಎಂಪಿ ಕಡತವಾಗಿ ಕೂರುತ್ತದೆ, ಹಾಗಾಗಿ ರಾ ಕಡತವನ್ನು ಬೇರೆಡೆಗೆ ಸಾಗಿಸುವಾಗ ಎರಡನ್ನೂ ಒಟ್ಟಿಗೆ ಸಾಗಿಸಬೇಕು. ಡಿಎನ್‌ಜಿ ಎಂಬ ಅಡೋಬಿಯ ರಾ ರೂಪದ ಕಡತದಲ್ಲಿ ವಿವರ ಒಳಗೇ ಸೇರುತ್ತದೆ.

ಟೆಂಪ್ಲೇಟ್ ಹಾಕುವ ಮುನ್ನ ಆಯ್ದ ಚಿತ್ರಗಳೆಲ್ಲ ನಿಮ್ಮವೇ ಎಂದು ಒಮ್ಮೆ ನೋಡಿಕೊಳ್ಳಿ. ಸ್ನೇಹಿತರೊಬ್ಬರು ತೆಗೆದುಕೊಟ್ಟಿದ್ದ ಚಿತ್ರಗಳಿದ್ದ ಇಡೀ ಫೋಲ್ಡರಿಗೆ ನಾನು ಒಮ್ಮೆ ನನ್ನ ಹೆಸರನ್ನು ಹಾಕಿಬಿಟ್ಟಿದ್ದೆ. ಅವರ ಹಕ್ಕನ್ನು ಅಳಿಸಿದಂತಾಗಿದ್ದ ಆ ತಪ್ಪನ್ನು ಸರಿಪಡಿಸಲು ಒಂದೊಂದೇ ಚಿತ್ರವನ್ನು ಹುಡುಕಿ ತಿದ್ದಬೇಕಾಯಿತು.

ಇಷ್ಟೆಲ್ಲ ಮಾಡಿದರೂ ವಿವರ ಕಳೆದುಹೋಗುವುದು ಹೊರಗಿನವರ ಕೈಯಲ್ಲೇ ಎಂದೇನಿಲ್ಲ, ನಮ್ಮ ಕಂಪ್ಯೂಟರಿನಿಂದ ಹೊರಡುವಾಗಲೂ ಕಳೆಯಬಹುದು. ಫೋಟೋಶಾಪ್‌ನ ಜಾಲತಾಣಕ್ಕಾಗಿ ಉಳಿಸುವ ಕಿಟಕಿಯಲ್ಲಿ ಮೆಟಾಡೇಟಾ ಆಯ್ಕೆ "ಯಾವುದೂ ಬೇಡ" ಎಂದಿದ್ದರೆ ಶ್ರಮವೆಲ್ಲ ವ್ಯರ್ಥ. ಅಲ್ಲಿಯೂ ಲೈಟ್‌ರೂಮ್‌ನ ಎಕ್ಸ್‌ಪೋರ್ಟ್ ಕಿಟಕಿಯಲ್ಲಿಯೂ ಹಕ್ಕುಸ್ವಾಮ್ಯ ಮತ್ತು ಸಂಪರ್ಕದ ವಿವರವನ್ನಷ್ಟೇ ಉಳಿಸುವ ಆಯ್ಕೆಯಿದೆ. ಚಿತ್ರ ತೆಗೆದ ಜಾಗದ ಜಿಪಿಎಸ್ ಗುರುತು ಹೊರಹೋಗದಂತೆ ತಡೆಯಲೂ ಇದು ಅನುಕೂಲ. ಹಲವು ಸಾಮಾಜಿಕ ಜಾಲತಾಣಗಳೂ ಸಂದೇಶ ಆ್ಯಪ್‌ಗಳೂ ಚಿತ್ರವನ್ನು ಕುಗ್ಗಿಸುವಾಗ ಮೆಟಾಡೇಟಾವನ್ನು ತೆಗೆದುಹಾಕುತ್ತವೆ, ಸ್ಕ್ರೀನ್‌ಶಾಟ್‌ನಲ್ಲಂತೂ ಅದು ಬರುವುದೇ ಇಲ್ಲ. ಅಂಥ ಕಡೆಗಳಿಗೆ ಕಳುಹಿಸುವ ಪ್ರತಿಯ ಅಂಚಿನಲ್ಲಿ ಹೆಸರನ್ನು ಕಾಣುವಂತೆ ಅಚ್ಚೊತ್ತಬೇಕಾಗುತ್ತದೆ. ನೀವು ಬಳಸುವ ತಾಣ ಏನು ಮಾಡುತ್ತದೆಂದು ತಿಳಿಯಲು, ಅಲ್ಲಿಗೆ ಒಂದು ಚಿತ್ರವನ್ನು ಏರಿಸಿ, ಅದನ್ನೇ ಮರಳಿ ಇಳಿಸಿಕೊಂಡು, ಎಕ್ಸಿಫ್‌ಟೂಲ್‌ನಲ್ಲೋ ಡಿಜಿಕ್ಯಾಮ್‌ನಲ್ಲೋ ತೆರೆದು, ಹೆಸರು ಉಳಿದಿದೆಯೇ ಎಂದು ಖಾನೆ ಖಾನೆಯಾಗಿ ಪರಿಶೀಲಿಸಿ.