ಸಸ್ತನಿಗಳ ಜೀವಕೋಶಗಳ ಬೆಳವಣಿಗೆಯ ಮೇಲೆ ಭೌತಿಕ ಪ್ರಚೋದನೆಯ ಪರಿಣಾಮವನ್ನು ಅಳೆಯುವ ಕ್ರಮ

ಕಲ್ಚರ್ ತಟ್ಟೆಯಲ್ಲಿ ಬೆಳೆಯುವ ಸಸ್ತನಿ ಜೀವಕೋಶಗಳು ತಾವು ಬೆಳೆಯುವ ದ್ರವವಾದ ಮೀಡಿಯಂನಲ್ಲಿರುವ ಪೋಷಕಾಂಶಗಳಿಗೆ ಸ್ಪಂದಿಸುವಂತೆಯೇ ತಾವು ಅಂಟಿಕೊಂಡ ಮೇಲ್ಮೈಯ ಗಡಸುತನ, ಎಳೆತ, ದ್ರವದ ಹರಿವು, ತಾಪಮಾನ ಮತ್ತು ಬೆಳಕಿಗೂ ಸ್ಪಂದಿಸುತ್ತವೆ. ಇವುಗಳಲ್ಲಿ ಒಂದನ್ನು ಬದಲಾಯಿಸುವುದು ಅಷ್ಟೇನೂ ಕಷ್ಟವಲ್ಲ. ಅದರ ಜೊತೆಗೆ ಬೇರೇನೂ ಬದಲಾಗದಂತೆ ನೋಡಿಕೊಳ್ಳುವುದೇ ಕಷ್ಟ. ಆದ್ದರಿಂದ ನಿಯಂತ್ರಣ ಗುಂಪನ್ನು (ಪ್ರಚೋದನೆ ಕೊಡದೆ ಹೋಲಿಕೆಗಾಗಿ ಇಡುವ ಜೀವಕೋಶಗಳನ್ನು) ಮೊದಲು ಯೋಜಿಸಿ, ಉಪಕರಣವನ್ನು ಅನಂತರ ಆರಿಸಿಕೊಳ್ಳಿ.

ಗಡಸುತನದ ಪರಿಣಾಮವನ್ನು ನೋಡಲು ಸಾಮಾನ್ಯವಾಗಿ ಗಡಸುತನವನ್ನು ಬೇಕಾದಂತೆ ಹೊಂದಿಸಬಹುದಾದ ಪಾಲಿಅಕ್ರಿಲಮೈಡ್ ಜೆಲ್ ಬಳಸುತ್ತಾರೆ. ಕಲ್ಚರ್ ತಟ್ಟೆಯ ಪಾಲಿಸ್ಟೈರೀನ್‌ನ ಗಡಸುತನ ಗಿಗಾಪ್ಯಾಸ್ಕಲ್ ಮಟ್ಟದಲ್ಲಿದ್ದರೆ ಮಿದುಳಿನ ಅಂಗಾಂಶದ್ದು ಸುಮಾರು 1 ಕಿಲೋಪ್ಯಾಸ್ಕಲ್ ಮಾತ್ರ. ಜೀವಕೋಶಗಳು ಬರಿಯ ಜೆಲ್‌ಗೆ ಅಂಟುವುದಿಲ್ಲವಾದ್ದರಿಂದ ಅದರ ಮೇಲೆ ಅಂಟಿಕೊಳ್ಳಲು ನೆರವಾಗುವ ಕೊಲಾಜನ್ ಅಥವಾ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನನ್ನು ಲೇಪಿಸಬೇಕು. ಎಲ್ಲ ಜೆಲ್‌ಗಳ ಮೇಲೂ ಲೇಪನ ಸಮನಾಗಿರದಿದ್ದರೆ ಅಂಟಿಕೊಳ್ಳುವಿಕೆಯ ವ್ಯತ್ಯಾಸವನ್ನೇ ಬೆಳವಣಿಗೆಯ ವ್ಯತ್ಯಾಸವೆಂದು ತಪ್ಪಾಗಿ ತಿಳಿಯುವ ಅಪಾಯವಿದೆ. ಜೀವಕೋಶಗಳನ್ನು ಬಿತ್ತಿದ (ಜೆಲ್ ಮೇಲೆ ಹಾಕಿದ) ಮರುದಿನ ಅಂಟಿಕೊಂಡಿರುವ ಜೀವಕೋಶಗಳನ್ನು ಎಣಿಸಿ, ಮುಂದಿನ ಎಣಿಕೆಗಳನ್ನೆಲ್ಲ ಆ ಸಂಖ್ಯೆಗೆ ಹೋಲಿಸುವುದು ಒಳ್ಳೆಯದು.

ಎಳೆತದ ಪ್ರಯೋಗದಲ್ಲಿ ಜೀವಕೋಶಗಳನ್ನು ಸಿಲಿಕೋನ್ ಪೊರೆಯ ಮೇಲೆ ಬೆಳೆಸಿ, ಪೊರೆಯನ್ನು ಶೇ. 10ರಷ್ಟು, ಸೆಕೆಂಡಿಗೆ ಒಂದು ಬಾರಿಯಂತೆ ಹಿಗ್ಗಿಸುವುದು ರೂಢಿ. ಇದಕ್ಕೆ ನಿಯಂತ್ರಣವಾಗಿ ಪ್ಲಾಸ್ಟಿಕ್ ತಟ್ಟೆಯನ್ನು ಇಡಬೇಡಿ. ಅದೇ ಪೊರೆಯನ್ನು ಹಿಗ್ಗಿಸದೆ ಇಡಿ. ಪೊರೆ ಚಲಿಸುವಾಗ ಮೀಡಿಯಂ ಕೂಡ ಕಲಕುತ್ತದೆ. ಹೀಗಾಗಿ ಹಿಗ್ಗಿಸದೆ ಮೀಡಿಯಂ ಅನ್ನು ಮಾತ್ರ ಅಲುಗಾಡಿಸುವ ಇನ್ನೊಂದು ಗುಂಪೂ ಬೇಕಾಗುತ್ತದೆ.

ರಕ್ತನಾಳದ ಒಳಪದರದ ಜೀವಕೋಶಗಳಿಗೆ ಹರಿವಿನ ಶಿಯರ್ ಒತ್ತಡ (ಹರಿಯುವ ದ್ರವ ಮೇಲ್ಮೈಯನ್ನು ಉಜ್ಜುವ ಬಲ) ಕೊಡುವಾಗ ಅಪಧಮನಿಗಳಲ್ಲಿರುವಂತೆ 1ರಿಂದ 2 ಪ್ಯಾಸ್ಕಲ್ ಇಟ್ಟುಕೊಳ್ಳಬಹುದು. ಚಪ್ಪಟೆ ಕಾಲುವೆಯಲ್ಲಿ ಈ ಒತ್ತಡವು ಕಾಲುವೆಯ ಎತ್ತರದ ವರ್ಗಕ್ಕೆ ವಿಲೋಮವಾಗಿರುವುದರಿಂದ ಎತ್ತರದ ಅಳತೆಯಲ್ಲಿ ಶೇ. 10ರ ತಪ್ಪಾದರೆ ಲೆಕ್ಕ ಹಾಕಿದ ಒತ್ತಡ ಸುಮಾರು ಶೇ. 20ರಷ್ಟು ತಪ್ಪುತ್ತದೆ. ಈ ಲೆಕ್ಕಕ್ಕೆ ಬೇಕಾದ ಮೀಡಿಯಂನ ಸ್ನಿಗ್ಧತೆಯನ್ನೂ (ಹರಿಯಲು ತೋರುವ ಪ್ರತಿರೋಧವನ್ನೂ) 37 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಅಳೆಯಿರಿ.

ಬೆಳಕಿನ ಪ್ರಯೋಗಗಳಲ್ಲಿ ನಾನು ಹೆಚ್ಚು ಎಚ್ಚರಿಕೆ ಬಯಸುತ್ತೇನೆ. ಮೀಡಿಯಂನಲ್ಲಿರುವ ರೈಬೋಫ್ಲೇವಿನ್ (ವಿಟಮಿನ್ ಬಿ2) ನೀಲಿ ಬೆಳಕು ಬಿದ್ದಾಗ ಹೈಡ್ರೋಜನ್ ಪೆರಾಕ್ಸೈಡ್ ಉಂಟಾಗಲು ಕಾರಣವಾಗುತ್ತದೆ. ಆಗ ಜೀವಕೋಶಗಳು ಬೆಳಕಿನಿಂದಲ್ಲ, ಆ ವಿಷದಿಂದ ಸಾಯುತ್ತಿರಬಹುದು. ಮೀಡಿಯಂಗೆ ಮಾತ್ರ ಬೆಳಕು ಹಾಯಿಸಿ, ಅದನ್ನು ಕತ್ತಲಲ್ಲಿಟ್ಟ ಜೀವಕೋಶಗಳಿಗೆ ಹಾಕಿ ನೋಡಿದರೆ ಈ ಸಂಶಯ ಪರಿಹಾರವಾಗುತ್ತದೆ. ದೀಪ, ಮೋಟಾರು, ವಿದ್ಯುತ್ ಸುರುಳಿ ಯಾವುದೇ ಇರಲಿ, ಶಾಖ ಹೊರಸೂಸುತ್ತದೆ. ಇನ್‌ಕ್ಯುಬೇಟರಿನ ಪರದೆ ತೋರಿಸುವ ಅಂಕಿಯನ್ನು ನೆಚ್ಚದೆ, ತಟ್ಟೆಯೊಳಗಿನ ಮೀಡಿಯಂನಲ್ಲಿಯೇ ತಾಪಮಾನ ಅಳೆಯಿರಿ.

ಬೆಳವಣಿಗೆ ತಿಳಿಯಲು ಬಳಸುವ, ಬಣ್ಣದ ಬದಲಾವಣೆಯನ್ನು ಆಧರಿಸಿದ ಎಂಟಿಟಿ ಪರೀಕ್ಷೆ ಅಳೆಯುವುದು ಚಯಾಪಚಯವನ್ನು, ಜೀವಕೋಶಗಳ ಸಂಖ್ಯೆಯನ್ನಲ್ಲ. ಪ್ರಚೋದನೆಯಿಂದ ಚಯಾಪಚಯ ಮಾತ್ರ ಹೆಚ್ಚಿರಬಹುದಾದ ಕಾರಣ ಸತ್ತ ಜೀವಕೋಶಗಳಿಗೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ, ಕಳಚಿ ತೇಲುತ್ತಿರುವವನ್ನೂ ಸೇರಿಸಿ, ನೇರವಾಗಿ ಎಣಿಸಿ. ಒಂದೇ ತಟ್ಟೆಯ ಮೂರು ಗುಳಿಗಳನ್ನು ಮೂರು ಪ್ರಯೋಗಗಳೆಂದು ಲೆಕ್ಕಿಸಬೇಡಿ. ಬೇರೆ ಬೇರೆ ದಿನಗಳಲ್ಲಿ ಹೊಸದಾಗಿ ಬಿತ್ತಿದ ಕಲ್ಚರ್‌ಗಳಲ್ಲಿ ಕನಿಷ್ಠ ಮೂರು ಬಾರಿ ಪ್ರಯೋಗವನ್ನು ಪುನರಾವರ್ತಿಸಿ.