ಹಳೇ ಹಾರ್ಮೋನಿಯಂ ಕೊಳ್ಳುವ ಮೊದಲು

ಪಾಲಿಶ್ ನೋಡಿ ಮರುಳಾಗಬೇಡಿ, ತಿದಿ ನೋಡಿ. ಸ್ಟಾಪರ್‌ಗಳನ್ನೆಲ್ಲ (ಗಾಳಿಯ ದಾರಿ ತೆರೆದು ಮುಚ್ಚುವ ಗುಂಡಿಗಳು) ಒಳಗೆ ತಳ್ಳಿ ಗಾಳಿ ತುಂಬಿ. ಯಾವ ಮನೆಯನ್ನೂ (ಬೆರಳಿಂದ ಒತ್ತುವ ಕೀ) ಒತ್ತದೆ ತಿದಿ ಬೇಗ ಕುಸಿದರೆ ಮಡಿಕೆಯಲ್ಲೋ ಮೂಲೆಯ ಚರ್ಮದಲ್ಲೋ ಸೋರಿಕೆ ಇದೆ. ಸಣ್ಣ ತೂತಾದರೆ ತೇಪೆ ಸಾಕು. ಮಡಿಕೆಗಳೇ ಸವೆದಿದ್ದರೆ ಇಡೀ ತಿದಿ ಬದಲಿಸಬೇಕು, ಆ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.

ಆಮೇಲೆ ರೀಡು, ಅಂದರೆ ಗಾಳಿ ತಾಗಿ ಸ್ವರ ಹೊರಡಿಸುವ ಹಿತ್ತಾಳೆ ನಾಲಿಗೆ. ಡಬಲ್ ರೀಡ್ ಪೆಟ್ಟಿಗೆಯಲ್ಲಿ ಎರಡೂ ಸಾಲು ಒಟ್ಟಿಗೆ ನುಡಿಸಿದರೆ ಒಂದರ ದೋಷ ಇನ್ನೊಂದರಲ್ಲಿ ಮುಚ್ಚಿಹೋಗುತ್ತದೆ. ಹಾಗಾಗಿ ಒಂದೊಂದೇ ಸ್ಟಾಪರ್ ಎಳೆದು, ಕಪ್ಪು ಬಿಳಿ ಎಲ್ಲ ಮನೆಗಳನ್ನೂ ಮೆಲ್ಲಗೆ, ಆಮೇಲೆ ಜೋರಾಗಿ ನುಡಿಸಿ. ಫೋನಿನ ಟ್ಯೂನರ್ ಆ್ಯಪ್ ಎದುರಿಗಿರಲಿ. ಎಲ್ಲ ಸ್ವರವೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಒಬ್ಬರೇ ಹಾಡುವವರಿಗೆ ತೊಂದರೆಯಿಲ್ಲ. ಕೊಳಲಿನ ಜೊತೆ ನುಡಿಸುವವರಿಗೆ ಮಾತ್ರ ಕಷ್ಟ. ಒಂದೇ ಸ್ವರ ತೀರಾ ಇಳಿದಿದ್ದರೆ ಹಿತ್ತಾಳೆ ನಾಲಿಗೆ ಬಿರುಕು ಬಿಟ್ಟಿರಬಹುದು. ಅದನ್ನು ಕೆರೆದು ಸರಿಮಾಡಲಾಗದು, ರೀಡನ್ನೇ ಬದಲಿಸಬೇಕು. ಬರೀ ಜಿರ್ ಎನ್ನುವ ಸದ್ದಾದರೆ ಬಹಳ ಸಲ ಧೂಳು ಅಷ್ಟೆ. ಸಾಧ್ಯವಾದರೆ ಬಿಚ್ಚಿಸಿ ನೋಡಿ: ಮೇಲಿಂದ ಮೇಲೆ ಶ್ರುತಿ ಮಾಡಿದ ರೀಡಿನ ತುದಿಯಲ್ಲೂ ಬುಡದಲ್ಲೂ ಗೀರುಗಳಿರುತ್ತವೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಎರಡರಲ್ಲೂ ಲೋಹ ತೆಳುವಾಗುತ್ತದೆ.

ಮಳೆಗಾಲದಲ್ಲಿ ಮನೆ ಅಂಟಿಕೊಂಡರೆ ಹೆದರಬೇಡಿ, ಮರ ಉಬ್ಬಿರುತ್ತದೆ.

ಮನೆಗಳ ಸಾಲನ್ನೇ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಬೇಕೇ? ಭಜನೆಗೆ, ಒಂದೇ ಶ್ರುತಿಯ ಅಭ್ಯಾಸಕ್ಕೆ ಬೇಡ. ಭಾರ ಹೆಚ್ಚು, ರಿಪೇರಿಯೂ ಹೆಚ್ಚು. ಬೇರೆ ಬೇರೆ ಗಾಯಕರಿಗೆ ಸಾಥ್ ಕೊಡುವವರು ಧಾರಾಳವಾಗಿ ತಗೊಳ್ಳಿ.