ಬಳಕೆ ಮುಗಿದ ವಿಕಿರಣ ಮೂಲಗಳ ಜಾಡು: ತಪಾಸಣಾಧಿಕಾರಿಯಾಗಿ ನನ್ನ ಅನುಭವ

ಪರಮಾಣು ಸುರಕ್ಷತೆ ಎಂದೊಡನೆ ಕರ್ನಾಟಕದವರಿಗೆ ಕೈಗಾ ನೆನಪಾಗುತ್ತದೆ. ಆದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ತಪಾಸಣಾಧಿಕಾರಿಯಾಗಿ ನಾನು ಹೆಚ್ಚು ಕಾಲ ಕಳೆದದ್ದು ಬೆಂಗಳೂರಿನ ಆಸ್ಪತ್ರೆಗಳ ನೆಲಮಾಳಿಗೆಗಳಲ್ಲಿ, ಬಡಾವಣೆಗಳ ಎಕ್ಸ್‌ರೇ ಕೇಂದ್ರಗಳಲ್ಲಿ ಮತ್ತು ಪೀಣ್ಯದ ಕಾರ್ಖಾನೆಗಳಲ್ಲಿ. 1962ರ ಪರಮಾಣು ಶಕ್ತಿ ಕಾಯ್ದೆಯಡಿ 1983ರಲ್ಲಿ ರಚನೆಯಾದ ಈ ಮಂಡಳಿಯ ಕೇಂದ್ರ ಕಚೇರಿ ಮುಂಬೈಯಲ್ಲಿದೆ, ದಕ್ಷಿಣದ ಪ್ರಾದೇಶಿಕ ಕೇಂದ್ರ ಚೆನ್ನೈಯಲ್ಲಿದೆ. ಆಗ ಕೆಲಸದ ನಿಮಿತ್ತ ಬಂದು ಹೋಗುತ್ತಿದ್ದ ಬೆಂಗಳೂರಿನಲ್ಲೇ ನಿವೃತ್ತನಾಗಿ ನೆಲೆಸಿದ್ದೇನೆ.

ತಪಾಸಣೆ ಶುರುವಾಗುತ್ತಿದ್ದುದು ಹಿಂದಿನ ದಿನದ ಲೆಕ್ಕದಿಂದ. ಮಂಡಳಿಯ ಇ-ಲೋರಾ ಜಾಲವ್ಯವಸ್ಥೆಯಲ್ಲಿ ಆ ಸಂಸ್ಥೆಯ ಕಡತ ತೆರೆದು, ಅಲ್ಲಿರುವ ಪ್ರತಿಯೊಂದು ವಿಕಿರಣ ಮೂಲದ (ಅಂದರೆ ವಿಕಿರಣ ಹೊಮ್ಮಿಸುವ ವಸ್ತುವಿನ) ಕ್ರಮಸಂಖ್ಯೆ, ಅದು ಬಂದ ದಿನಾಂಕ ಮತ್ತು ಆಗಿನ ತೀವ್ರತೆಯನ್ನು ಬರೆದುಕೊಳ್ಳುತ್ತಿದ್ದೆ. ಇಂಥ ಮೂಲಗಳಲ್ಲಿ ಬಳಸುವ ಕೋಬಾಲ್ಟ್-60ರ ತೀವ್ರತೆ ಅರ್ಧಕ್ಕಿಳಿಯಲು 5.27 ವರ್ಷ ಬೇಕು, ಇರಿಡಿಯಂ-192ಕ್ಕೆ 74 ದಿನ ಸಾಕು, ಸೀಸಿಯಂ-137ಕ್ಕೆ ಸುಮಾರು 30 ವರ್ಷ. ಹೀಗಾಗಿ ಇಂದು ಎಷ್ಟು ಉಳಿದಿರಬೇಕು, ಅದನ್ನಿಟ್ಟ ಸೀಸದ ಪೆಟ್ಟಿಗೆಯ ಹೊರಗೆ ವಿಕಿರಣ ಅಳೆಯುವ ಸರ್ವೆ ಮೀಟರ್ ಸುಮಾರು ಎಷ್ಟು ತೋರಿಸಬೇಕು ಎಂಬುದು ಹೊರಡುವ ಮೊದಲೇ ಕೈಯಲ್ಲಿರುತ್ತಿತ್ತು. ಅಳತೆ ಹೆಚ್ಚು ಬಂದರೆ ಎಲ್ಲರೂ ಗಾಬರಿಯಾಗುತ್ತಾರೆ. ನನಗೆ ಮಾತ್ರ ಅಳತೆ ತೀರಾ ಕಡಿಮೆ ಬಂದಾಗಲೇ ಹೆಚ್ಚು ಆತಂಕವಾಗುತ್ತಿತ್ತು, ಏಕೆಂದರೆ ಪೆಟ್ಟಿಗೆಯೊಳಗೆ ಇರಬೇಕಾದದ್ದು ಇಲ್ಲ ಎಂಬ ಅರ್ಥವೂ ಅದಕ್ಕೆ ಇರಬಹುದು. ಬೆಂಗಳೂರಿನ ಬಂಡೆನೆಲದಿಂದಲೇ ಅಲ್ಪ ವಿಕಿರಣ ಹೊಮ್ಮುವುದರಿಂದ, ಮೊದಲು ಕಟ್ಟಡದ ಹೊರಗೆ ನಿಂತು ಸಹಜ ಹಿನ್ನೆಲೆಯ ಅಳತೆಯನ್ನು ಬರೆದುಕೊಂಡೇ ಒಳಗೆ ಹೋಗುತ್ತಿದ್ದೆ.

ಕಾಫಿ, ಪರಿಚಯಗಳೆಲ್ಲ ಆಮೇಲೆ ಎಂದು ವಿನಂತಿಸಿಕೊಂಡು, ವಿಕಿರಣ ಸುರಕ್ಷತಾ ಅಧಿಕಾರಿಯೊಂದಿಗೆ ನೇರವಾಗಿ ದಾಸ್ತಾನು ಕೋಣೆಗೆ ನಡೆಯುವುದು ನನ್ನ ಪದ್ಧತಿಯಾಗಿತ್ತು. ಬಳಕೆಯಲ್ಲಿರುವ ಯಂತ್ರದ ಬಳಿ ದಿನವೂ ಯಾರಾದರೂ ಇರುತ್ತಾರೆ; ಬಳಕೆ ಮುಗಿದ ಮೂಲ ಮೂಲೆಗೆ ಸೇರಿದ ಮೇಲೆ ಅದನ್ನು ಕೇಳುವವರಿರುವುದಿಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಆದದ್ದು ಇದೇ. ವರ್ಷಗಳಿಂದ ಬಳಸದೆ ಬಿಟ್ಟಿದ್ದ ಸಂಶೋಧನಾ ಉಪಕರಣವೊಂದು ಹರಾಜಿನಲ್ಲಿ ಗುಜರಿಗೆ ಹೋಗಿ, ಅದರೊಳಗಿನ ಕೋಬಾಲ್ಟ್-60 ಹೊರಬಿದ್ದು, ಒಬ್ಬ ಕಾರ್ಮಿಕ ಪ್ರಾಣ ಕಳೆದುಕೊಂಡರು. ಬೆಂಗಳೂರಿನ ಗುಜರಿ ಅಂಗಡಿಗಳ ಮುಂದೆ ಹಾದುಹೋಗುವಾಗ ನನಗೆ ಇಂದಿಗೂ ಅದರ ನೆನಪಾಗುತ್ತದೆ.

ಎಕ್ಸ್‌ರೇ ಕೇಂದ್ರಗಳ ಕೆಲಸ ಬೇಗ ಮುಗಿಯುತ್ತಿತ್ತು: ನೋಂದಣಿ, ಗುಣಮಟ್ಟ ಪರೀಕ್ಷೆಯ ವರದಿ, ಸೀಸದ ಏಪ್ರನ್, ಸಿಬ್ಬಂದಿಗೆ ತಗುಲಿದ ವಿಕಿರಣವನ್ನು ದಾಖಲಿಸುವ ಟಿಎಲ್‌ಡಿ ಬ್ಯಾಡ್ಜ್. ಬ್ಯಾಡ್ಜ್ ಎಲ್ಲಿ ನೇತುಹಾಕುತ್ತೀರಿ ಎಂದು ಮುಖ್ಯಸ್ಥರ ಬದಲು ತಂತ್ರಜ್ಞರನ್ನು ಕೇಳುತ್ತಿದ್ದೆ. ಯಂತ್ರವಿರುವ ಕೋಣೆಯೊಳಗೇ ಬಿಟ್ಟು ಮನೆಗೆ ಹೋಗುವ ರೂಢಿಯಿದ್ದರೆ, ಬ್ಯಾಡ್ಜ್‌ನಲ್ಲಿ ದಾಖಲಾಗುವುದು ಗೋಡೆಯ ಮೇಲೆ ಬಿದ್ದ ವಿಕಿರಣವೇ ಹೊರತು ಆ ವ್ಯಕ್ತಿಗೆ ತಗುಲಿದ್ದಲ್ಲ. ಉದ್ಯೋಗಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗುಲಿದ ವಿಕಿರಣದ ಅಳತೆಮಾನ), ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಎಂಬ ಮಿತಿಗೆ ಬೆಲೆ ಬರುವುದು ಬ್ಯಾಡ್ಜ್ ಎದೆಯ ಮೇಲಿದ್ದಾಗ ಮಾತ್ರ.

ಕಷ್ಟದ ತೀರ್ಮಾನಗಳು ಎದುರಾಗುತ್ತಿದ್ದುದು ಕ್ಯಾನ್ಸರ್ ಚಿಕಿತ್ಸಾ ಘಟಕಗಳಲ್ಲಿ. ಒಮ್ಮೆ ಒಂದು ಆಸ್ಪತ್ರೆಯಲ್ಲಿ, ಬಾಗಿಲು ತೆರೆದೊಡನೆ ಕೋಬಾಲ್ಟ್ ಯಂತ್ರವನ್ನು ನಿಲ್ಲಿಸಬೇಕಾದ ಇಂಟರ್‌ಲಾಕ್ ಕೆಲಸ ಮಾಡುತ್ತಿರಲಿಲ್ಲ. ಹೊರಗೆ ರೋಗಿಗಳು ಸಾಲಾಗಿ ಕುಳಿತಿದ್ದರು. “ಸರ್, ಬಾಗಿಲ ಹತ್ತಿರ ಒಬ್ಬರನ್ನ ನಿಲ್ಲಿಸ್ತೀವಿ, ಇವತ್ತಿನದು ಮುಗಿಸಿಬಿಡೋಣ” ಎಂದು ಅಲ್ಲಿನ ಹಿರಿಯ ತಂತ್ರಜ್ಞರು ಕೇಳಿಕೊಂಡರು. ಚಿಕಿತ್ಸೆ ತಪ್ಪಿದರೆ ರೋಗಿಗೆ ಆಗುವ ತೊಂದರೆ ನನಗೂ ಗೊತ್ತಿತ್ತು, ಆದರೂ ಒಪ್ಪಲಿಲ್ಲ. ಕಾವಲಿಗೆ ನಿಂತವರ ಗಮನ ಒಂದು ಕ್ಷಣ ಬೇರೆಡೆ ಹೋಗಬಹುದು, ಸರಿಯಾಗಿರುವ ಸ್ವಿಚ್‌ಗೆ ಆ ತೊಂದರೆಯಿಲ್ಲ. ದುರಸ್ತಿಯವರನ್ನು ಕೂಡಲೇ ಕರೆಸುವಂತೆ ಹೇಳಿ, ಸಂಜೆ ಬಾಗಿಲನ್ನು ಮತ್ತೆ ಮತ್ತೆ ತೆರೆದು ಪರೀಕ್ಷಿಸಿದ ಬಳಿಕವೇ ಯಂತ್ರ ನಡೆಸಲು ಹೇಳಿದೆ.

ಪೀಣ್ಯದ ಒಂದು ಕಾರ್ಖಾನೆಯ ಪ್ರಕರಣಕ್ಕೆ ಇನ್ನೂ ಹೆಚ್ಚು ತಾಳ್ಮೆ ಬೇಕಾಯಿತು. ಕಚ್ಚಾವಸ್ತುವಿನ ಮಟ್ಟ ಅಳೆಯಲು ಸೀಸಿಯಂ-137 ಇರುವ ಗೇಜನ್ನು ಹಿಂದಿನ ಮಾಲೀಕರು ಕೂರಿಸಿದ್ದರು. ಕಾರ್ಖಾನೆ ಕೈ ಬದಲಾದಾಗ ಹೊಸಬರಿಗೆ ಯಂತ್ರಗಳ ಪಟ್ಟಿ ಸಿಕ್ಕಿತ್ತೇ ಹೊರತು ಆ ಗೇಜ್ ಏನೆಂದು ಯಾರೂ ಹೇಳಿರಲಿಲ್ಲ. “ಅದು ಕೆಟ್ಟು ನಿಂತಿದೆ ಸರ್, ಮುಂದಿನ ತಿಂಗಳು ಗುಜರಿಗೆ ಹಾಕ್ತೀವಿ” ಎಂದು ಮೇಲ್ವಿಚಾರಕರು ಸಹಜವಾಗಿ ಹೇಳಿದರು. ಕೆಟ್ಟಿದ್ದು ಅಳೆಯುವ ವಿದ್ಯುತ್ ಭಾಗ ಮಾತ್ರ, ಒಳಗಿನ ಸೀಸಿಯಂಗೆ ಸ್ವಿಚ್ ಇಲ್ಲ ಎಂದು ಸರ್ವೆ ಮೀಟರನ್ನು ಅವರ ಕೈಗೇ ಕೊಟ್ಟು ತೋರಿಸಿದೆ. ಅಂದೇ ವಿಕಿರಣವನ್ನು ತಡೆಯುವ ಗೇಜಿನ ಶಟರ್ ಮುಚ್ಚಿಸಿ ಬೀಗ ಹಾಕಿಸಿ, ಎಚ್ಚರಿಕೆಯ ಫಲಕ ಹಾಕಿಸಿ, ಅನುಮತಿಯಿಲ್ಲದೆ ಅದನ್ನು ಬಿಚ್ಚಬಾರದೆಂದು ಲಿಖಿತ ಸೂಚನೆ ಕೊಟ್ಟೆ.

ಇಂಥ ಮೂಲವನ್ನು ಪೂರೈಸಿದವರಿಗೇ ಹಿಂದಿರುಗಿಸಬೇಕು. ಅದಕ್ಕೆ ಮಂಡಳಿಯ ಅನುಮತಿ, ಸಾಗಣೆಗೆ ತಕ್ಕ ಪೆಟ್ಟಿಗೆ, ಪೂರೈಕೆದಾರರ ಒಪ್ಪಿಗೆ ಎಲ್ಲವೂ ಕೂಡಿಬರಬೇಕು. ಅಷ್ಟರವರೆಗೆ ಪ್ರತಿ ತಿಂಗಳೂ ಬೀಗದ ಛಾಯಾಚಿತ್ರ ಮತ್ತು ಮೀಟರಿನ ಅಳತೆ ಕಳುಹಿಸುವಂತೆ ವರದಿಯಲ್ಲಿ ಬರೆದೆ. ‘ವ್ಯವಸ್ಥೆ ತೃಪ್ತಿಕರವಾಗಿಲ್ಲ’ ಎಂಬಂಥ ವಾಕ್ಯಗಳಿಂದ ಯಾರಿಗೂ ಪ್ರಯೋಜನವಿಲ್ಲವಾದ್ದರಿಂದ, ಯಾವ ನಿಯಮ, ಎಲ್ಲಿ ಲೋಪ, ಯಾರು, ಯಾವ ದಿನಾಂಕದೊಳಗೆ ಸರಿಪಡಿಸಬೇಕು ಎಂದೇ ಬರೆಯುತ್ತಿದ್ದೆ. ಮೂಲವನ್ನು ಲಾರಿಗೆ ಹಾಕಿದ್ದಾಗಿದೆ ಎಂಬ ಪತ್ರ ಬಂದಾಗಲೂ ಕಡತ ಮುಚ್ಚಲಿಲ್ಲ. ಪೂರೈಕೆದಾರರ ಸ್ವೀಕೃತಿ ಪತ್ರದಲ್ಲಿನ ಕ್ರಮಸಂಖ್ಯೆ ನಮ್ಮ ದಾಖಲೆಯದಕ್ಕೆ ತಾಳೆಯಾದ ಮೇಲೆಯೇ ಆ ಪ್ರಕರಣ ಮುಗಿಯಿತೆಂದು ಬರೆದೆ.